ಐದು ಗಂಟೆಯ ಮೇಲಿನ ಕೆಲಸ

ಕೊಳ್ಳೇಗಾಲ
14-9-1970

ಚಿ. ಸೌ. ಮಹಾಲಕ್ಷ್ಮಿಗೆ,

ನಾನೂ ಮಗಳು ಚಿಕ್ಕತಾಯಿಯೂ ಚೆನ್ನಾಗಿದ್ದೇವೆ. ನಿನ್ನ ಎರಡು ಕಾಗದಗಳು ಬಂದವು. ಎರಡಕ್ಕೂ ಸೇರಿಸಿ ಈಗ ಬರೆಯುತ್ತಿದ್ದೇನೆ. ಕೆಲಸದ ಗಲಾಟೆಯಲ್ಲಿ ತಡವಾಯಿತು ಎಂದು ಬರೆಯಬಹುದಿತ್ತು. ಅದು ಪೂರ್ತಿ ನಿಜವಲ್ಲ. ಒಂದು ಸಂಗತಿಯನ್ನು ನಿನಗೆ ಹೇಗೆ ತಿಳಿಸುವುದೆಂದು ಗೊತ್ತಾಗದೆ ಆರು ವಾರ ಹೋಯಿತು. ಅಕ್ಷರ ದಪ್ಪವಾಗಿ ಬರೆದಿದ್ದೇನೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಟೀಚರಮ್ಮನ ಕೈಯಲ್ಲಿ ಓದಿಸಬೇಡ. ತಡವಾದರೂ ನೀನೇ ಓದಿಕೋ.

ನಿನ್ನ ಎಕ್ಸ್‌ರೇಯಲ್ಲಿ ಎಡಗಡೆಯ ಶ್ವಾಸಕೋಶದ ಗಾಯ ಒಣಗುತ್ತಾ ಬಂದಿದೆ ಎಂದು ಡಾಕ್ಟರು ಹೇಳಿದ್ದನ್ನು ಚಿಕ್ಕತಾಯಿಗೆ ಎರಡು ಸಲ ಓದಿ ಹೇಳಿದೆ. "ಬಲಗಡೆಯದು?" ಎಂದಳು. ಅದನ್ನು ನೀನು ಬರೆದಿರಲಿಲ್ಲ. ಮುಂದಿನ ಕಾಗದದಲ್ಲಿ ಬರೆ.

ಈಗ ಆ ಸಂಗತಿ. ನಾನು ಸಂಜೆ ಐದರಿಂದ ಒಂಬತ್ತರವರೆಗೆ ಬಸ್ ಸ್ಟಾಂಡಿನ ಹಿಂದಿನ ಸಾರಾಯಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಕುಡಿಯುವವರಿಗೆ ಗ್ಲಾಸು ಕೊಡುವುದು, ನಂಚಿಕೊಳ್ಳಲು ಕೇಳಿದ್ದನ್ನು ತಟ್ಟೆಯಲ್ಲಿ ತಂದಿಡುವುದು, ಆಮೇಲೆ ಎಲ್ಲವನ್ನೂ ಎತ್ತಿ ತೊಳೆಯುವುದು. ಇಷ್ಟೇ.

ನೀನಿದ್ದಾಗ ನೀನು ಲಾಳಿಯ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದೆ, ಎಳೆ ಕಡಿದರೆ ಎದ್ದು ಬಂದು ಗಂಟು ಹಾಕುತ್ತಿದ್ದೆ. ನಾನು ಮಗ್ಗದ ಗುಂಡಿಯಿಂದ ಕಾಲು ತೆಗೆಯಬೇಕಾಗಿರಲಿಲ್ಲ. ಒಬ್ಬನೇ ಕೂತರೆ ಒಂದು ಸೀರೆಗೆ ಮೊದಲಿನ ಎರಡರಷ್ಟು ದಿನ ಹಿಡಿಯುತ್ತದೆ. ನೂಲು ಕೊಡುವ ಸಾಹುಕಾರರು ಬೈಯಲಿಲ್ಲ. "ರಾಮಲಿಂಗಯ್ಯ, ಒಬ್ಬನ ಕೈಲಿ ಆಗೋ ಮಾಲು ಕೊಡ್ತೀನಿ, ತಕ್ಕೊ" ಎಂದು ಸಾದಾ ಸೀರೆಯ ಹಾಸುನೂಲು ಕೊಟ್ಟರು. ಅದರಿಂದ ಮನೆ ನಡೆಯುವುದಿಲ್ಲ. ಹಗಲು ಬೇರೆ ಕೆಲಸ ಹಿಡಿದರೆ ಮಗ್ಗ ನಿಲ್ಲುತ್ತದೆ. ಸಂಜೆಯ ಕೆಲಸ ಈ ಊರಿನಲ್ಲಿ ಎಲ್ಲಿದೆ? ಪಾನನಿರೋಧ ತೆಗೆದ ಮೇಲೆ ಇದೊಂದು ಬಂದಿದೆ.

ಅಂಗಡಿಯಲ್ಲಿ ನಾನು ನೆನೆಸಿದಷ್ಟು ಗಲಾಟೆಯಿಲ್ಲ. ಬರುವವರಲ್ಲಿ ಹೆಚ್ಚಿನವರು ರೇಷ್ಮೆಗೂಡು ಮಾರಲು ಬಂದ ರೈತರು. ಗೂಡು ಒಳ್ಳೆಯ ಬೆಲೆಗೆ ಹೋದರೂ ಕುಡಿಯುತ್ತಾರೆ, ಹೋಗದಿದ್ದರೂ ಕುಡಿಯುತ್ತಾರೆ. ಧನಗೆರೆಯ ದೊಡ್ಡಮಾದಯ್ಯ ಎಂಬ ಮುದುಕರು ಒಬ್ಬರು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ನನ್ನನ್ನು ರೇಗಿಸುತ್ತಾರೆ. "ಲೇ ಮಗ್ಗದಯ್ಯ, ನೀನು ಓಡಾಡದ ನೋಡುದ್ರೆ ಲಾಳಿ ನೋಡ್ದಂಗಾಯ್ತದೆ ಕಣ್ಲಾ. ಈ ಕಡೀಂದ ಆ ಕಡೀಕೆ, ಆ ಕಡೀಂದ ಈ ಕಡೀಕೆ. ಇಷ್ಟೊತ್ತು ನೇದ್ರೂವೆ ಒಂದು ಟವಲ್ಲೂ ಆಗ್ನಿಲ್ವಲ್ಲೋ!" ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ನಗುವುದು ಸುಲಭ.

ಒಳಗೆ ಒಲೆಯ ಹತ್ತಿರ ಕೆಂಪಾಜಮ್ಮ ಎಂಬ ಹೆಂಗಸು ಹೊಳೆ ಮೀನು ಹುರಿಯುತ್ತಾಳೆ, ಮೊಟ್ಟೆ ಬೇಯಿಸುತ್ತಾಳೆ. ಅವಳು ಮುಂದಕ್ಕೆ ಬರುವುದಿಲ್ಲ. ಬರಕೂಡದೆಂದು ಅಂಗಡಿ ನಡೆಸುವ ಕಂಟ್ರಾಕ್ಟರು ಹೇಳಿದ್ದಾರೆ. ಅವಳಿಗೂ ಸ್ಕೂಲಿಗೆ ಹೋಗುವ ಇಬ್ಬರು ಗಂಡುಮಕ್ಕಳು. ಮೊದಲ ದಿನವೇ ಹೇಳಿದಳು: "ಅವು ಸ್ಕೂಲಿಂದ ಬರೋ ಒತ್ಗೆ ನಾವು ಮನೆ ಬುಡ್ತೀವಿ. ನಾವು ಓಗೋ ಒತ್ಗೆ ಅವು ಮಲಗಿರ್ತವೆ. ಮಕ್ಕಳ ಮೊಕ ನೋಡ್ಬೇಕು ಅಂದ್ರೆ ಸ್ಕೂಲ್ ಮೇಷ್ಟ್ರಾಗ್ಬೇಕು ಕನಣ್ಣಾ."

ಚಿಕ್ಕತಾಯಿ ಐದಕ್ಕೆ ಕಾಲು ಗಂಟೆ ಇರುವಾಗ ಮನೆಗೆ ಬರುತ್ತಾಳೆ. ನಾನು ಅನ್ನ ಮುಚ್ಚಿಟ್ಟು ಅಂಗಿ ಹಾಕಿಕೊಂಡು ಕಾದಿರುತ್ತೇನೆ. ನಮಗೆ ಕಾಲು ಗಂಟೆ ಸಿಗುತ್ತದೆ. ಅಷ್ಟರಲ್ಲಿ ಆ ದಿನದ ಎಲ್ಲ ಮಾತನ್ನೂ ಅವಳು ಆಡಿ ಮುಗಿಸುತ್ತಾಳೆ. ಆಮೇಲೆ ಪುಸ್ತಕ ತೆಗೆದುಕೊಂಡು ಪಕ್ಕದ ಮನೆಯ ಮಹದೇವಮ್ಮನ ಹತ್ತಿರ ಹೋಗುತ್ತಾಳೆ. ನಾನು ಬರುವವರೆಗೆ ಅಲ್ಲೇ ಓದಿಕೊಂಡಿರುತ್ತಾಳೆ.

ಕೆಲಸದ ವಿಷಯ ಅವಳಿಗೆ ಹೇಳಿದ ದಿನ ಕೇಳಿದಳು, "ಕುಡಿಯೋರಿಗೆ ನೀನು ಬಡಿಸ್ತೀಯಾ?"

"ಹೂಂ."

"ಬಡಿಸಿದ್ದಕ್ಕೆ ಅವರು ಥ್ಯಾಂಕ್ಸ್ ಅಂತಾರಾ?"

"ಇಲ್ಲ."

"ಅನ್ನಬೇಕು. ಇಂಗ್ಲಿಷ್ ಪಾಠದಲ್ಲಿ ಅದೆ."

ಅಷ್ಟೇ. ಪುಸ್ತಕ ಎತ್ತಿಕೊಂಡು ಮಹದೇವಮ್ಮನ ಮನೆಗೆ ಹೋದಳು.

ಮೈಸೂರಿನ ಆಸ್ಪತ್ರೆಗೆಂದು ಬಸ್ಸು ಹತ್ತುವಾಗ ನೀನು ಹೇಳಿದ್ದು ನನಗೆ ನೆನಪಿದೆ. ನೀನು ಬರುವವರೆಗೆ ಮಗು ನನ್ನ ಹತ್ತಿರವೇ ಇರಬೇಕು, ಏಳನೇ ತರಗತಿಯ ಪರೀಕ್ಷೆಗೆ ಕೂರಬೇಕು, ಏನೇ ಆದರೂ ಹನೂರಿಗೆ ಕಳಿಸಬಾರದು. ನಿನ್ನ ತವರು ಕೆಟ್ಟದ್ದೆಂದು ನೀನು ಹೇಳಲಿಲ್ಲ. ಅಲ್ಲಿಗೆ ಹೋದರೆ ನಿನ್ನ ತಮ್ಮ ಮುದ್ದಯ್ಯನಿಗೇ ಎಂದು ನಿಮ್ಮವ್ವ ಮದುವೆಯ ಮಾತು ಮುಗಿಸಿಬಿಡುತ್ತಾರೆ ಎಂದೆ. ನಾಲ್ಕನೇ ಕ್ಲಾಸಿಗೇ ನಿನ್ನ ಪುಸ್ತಕ ಕಿತ್ತಿಟ್ಟ ಮನೆ ಅದು ಎಂದೆ. ಮಾತು ಕೊಟ್ಟಿದ್ದೇನೆ. ಈ ಕೆಲಸ ಹಿಡಿದದ್ದೂ ಅದಕ್ಕೇ.

ಔಷಧಿ ತಪ್ಪಿಸಬೇಡ. ಮೊಟ್ಟೆ ಕೊಟ್ಟರೆ ಟೀಚರಮ್ಮನಿಗೆ ಕೊಡಬೇಡ, ನೀನು ತಿನ್ನು. ಚೌಡೇಶ್ವರಿ ನಿನ್ನನ್ನು ಕಾಪಾಡಲಿ.

ಆಶೀರ್ವಾದಗಳೊಂದಿಗೆ,
ರಾಮಲಿಂಗಯ್ಯ

ವಿ.ಸೂ. ನಾನು ಕುಡಿಯುವುದಿಲ್ಲ. ನೀನು ಕೇಳುವವಳಲ್ಲ ಎಂದು ಗೊತ್ತು. ಆದರೂ ಬರೆದಿದ್ದೇನೆ.


ಕೊಳ್ಳೇಗಾಲ
2-12-1970

ಚಿ. ಸೌ. ಮಹಾಲಕ್ಷ್ಮಿಗೆ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ನೀನು ಬೈಯದೆ ಇದ್ದದ್ದನ್ನು ಓದಿದೆ. ಬಲಗಡೆಯದಕ್ಕೆ ಇನ್ನೂ ಆರು ತಿಂಗಳು ಎಂದು ಬರೆದಿದ್ದೀಯ. ಚಿಕ್ಕತಾಯಿಗೆ ನಾಲ್ಕು ಎಂದು ಹೇಳಿದ್ದೇನೆ. ನೀನು ಅವಳಿಗೆ ಬೇರೆ ಬರೆಯುವಾಗ ಇದು ಜ್ಞಾಪಕವಿರಲಿ.

ನನ್ನ ಕೈ ಹಾಳಾಗಿದೆ. ಗ್ಲಾಸು ತೊಳೆಯುವ ನೀರಿಗೆ ಸೋಡಾ ಪುಡಿ ಹಾಕುತ್ತಾರೆ. ಎರಡು ತಿಂಗಳಲ್ಲಿ ಬೆರಳ ತುದಿ ಒಡೆದು ಮರಳು ಕಾಗದದಂತಾಯಿತು. ಬೆಳಿಗ್ಗೆ ಮಗ್ಗಕ್ಕೆ ಕೂತರೆ ರೇಷ್ಮೆ ಎಳೆ ಬೆರಳಿಗೇ ಕಚ್ಚಿಕೊಳ್ಳುತ್ತದೆ, ಜುಂಗು ಏಳುತ್ತದೆ. ಸಾಹುಕಾರರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದೇನು ರಾಮಲಿಂಗಯ್ಯ, ಬೆಕ್ಕು ಪರಚಿತ್ತಾ?" ಎಂದರು. ಮಗ್ಗ ಉಳಿಯಲಿ ಎಂದು ಹಿಡಿದ ಕೆಲಸ ಮಗ್ಗದ ಕೈಯನ್ನೇ ತಿಂದಿತು. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಹೀಗಾಗುತ್ತದೆಂದು ನನಗೆ ಹೊಳೆಯಲಿಲ್ಲ, ಅಷ್ಟೇ.

ಈಗ ಚಿಕ್ಕತಾಯಿ ಬೆಳಿಗ್ಗೆ ಎದ್ದ ಕೂಡಲೇ ಹರಳೆಣ್ಣೆ ಬಿಸಿ ಮಾಡಿ ನನ್ನ ಹತ್ತು ಬೆರಳಿಗೂ ತಿಕ್ಕುತ್ತಾಳೆ. ತಿಕ್ಕುವಾಗ ಭೂಗೋಳದ ಪಾಠ ಒಪ್ಪಿಸುತ್ತಾಳೆ. ಒಂದು ಬೆರಳಿಗೆ ಒಂದು ನದಿ. ನಡುವೆ ನಿಂತರೆ, "ಎಬ್ಬೆರಳಿಗೆ ಯಾವ ನದಿ ಅಂದೆ, ಅಪ್ಪ?" ಎಂದು ನನ್ನನ್ನೇ ಕೇಳುತ್ತಾಳೆ. ಸ್ಕೂಲಿಗೆ ಹೋಗುವ ಮುಂಚೆ ಒಂದು ಬುಟ್ಟಿ ಕಂಡಿಕೆ ಸುತ್ತಿಟ್ಟು ಹೋಗುತ್ತಾಳೆ. ನಿನ್ನಷ್ಟು ಬಿಗಿ ಬರುವುದಿಲ್ಲ. ಆದರೆ ಎಳೆ ಕಡಿಯುವುದಿಲ್ಲ.

ನಿಮ್ಮವ್ವನೂ ಮುದ್ದಯ್ಯನೂ ಬಂದಿದ್ದರು. ಅದನ್ನು ಹೇಳಲೆಂದೇ ಬರೆಯಲು ಕೂತೆ.

ನನ್ನ ಕೆಲಸದ ಸುದ್ದಿ ಹನೂರಿಗೆ ಬಸ್ಸಿನ ಜೊತೆಯಲ್ಲೇ ಹೋಗಿದೆ. ಅತ್ತೆ ಬಾಗಿಲಲ್ಲಿ ಕಾಲು ತೊಳೆಯುವ ಮುಂಚೆಯೇ ಶುರು ಮಾಡಿದರು. "ಏನಳೀಮಯ್ಯ, ನಮ್ಮ ವಂಶದಲ್ಲಿ ಯಾರಾದ್ರೂವೆ ಸಾರಾಯಿ ಅಂಗ್ಡೀಲಿ ಎಂಜಲು ಗ್ಲಾಸು ಎತ್ತಿದ್ದುಂಟಾ? ನನ್ನ ಮಗಳು ಆಸ್ಪತ್ರೇಲಿ ಬಿದ್ದವಳೆ. ನೀವು ಇಲ್ಲಿ ಕುಡುಕರ ಮುಂದೆ ಸಪ್ಲೈ ಮಾಡ್ಕೊಂಡಿದ್ದೀರಿ. ಎಣ್ಣುಮಗ ಸಂಜೆ ಒತ್ತು ಕಂಡೋರ ಜಗ್ಲೀಲಿ. ಚಂದವಾ ಇದು?"

"ಚಂದ ಇಲ್ಲ ಅತ್ತೆ" ಎಂದೆ.

ನಾನು ಒಪ್ಪಿಕೊಂಡದ್ದರಿಂದ ಅವರಿಗೆ ಮುಂದಿನ ಮಾತು ಸಿಗಲಿಲ್ಲ. ಕಾಲು ತೊಳೆದುಕೊಂಡು ಒಳಗೆ ಬಂದು, "ಮಗೀನ ನಾನು ಕರ್ಕೊಂಡೋಯ್ತೀನಿ" ಎಂದರು.

ಮುದ್ದಯ್ಯ ಕೆಟ್ಟವನಲ್ಲ. ನಿನಗೆ ಗೊತ್ತಿದೆ. ಇಪ್ಪತ್ತನಾಲ್ಕಾದರೂ ಅವ್ವನ ಮುಂದೆ ಮಾತಾಡುವುದಿಲ್ಲ. ಅವನು ಹೊಸ್ತಿಲ ಮೇಲೆ ಕೂತು ಚಿಕ್ಕತಾಯಿಯ ಪುಸ್ತಕ ತಿರುವಿ ಹಾಕುತ್ತಿದ್ದ. "ಭಾವ, ಇದೇನು ಇಷ್ಟು ದಪ್ಪ ಪುಸ್ತಕ? ಇದನ್ನೆಲ್ಲ ಓದುದ್ರೆ ತಲೆ ಬಿಸಿಯಾಗಿ ಕೂದಲು ಉದುರಕಿಲ್ವಾ?"

ಚಿಕ್ಕತಾಯಿ ಕಂಡಿಕೆ ಸುತ್ತುತ್ತಿದ್ದವಳು ರಾಟೆ ನಿಲ್ಲಿಸದೆ ಹೇಳಿದಳು. "ನೀನು ಓದ್ನೇ ಇಲ್ವಲ್ಲ ಮಾವ, ನಿನ್ನ ಕೂದಲು ಯಾಕೆ ಉದುರಿದ್ದು?"

ಅವನೇ ಮೊದಲು ನಕ್ಕ. ಅತ್ತೆ ನಗಲಿಲ್ಲ. "ನೋಡು, ಈ ಬಾಯಿ ಎಲ್ಲಿ ಕಲ್ತಳು? ಬಾವ್ವ ಓಗವಾ. ಅಲ್ಲಿ ಅಸು ಅದೆ, ಆಲು ಅದೆ. ಅಜ್ಜಿ ಇವ್ನಿ."

"ನಾನು ಓಗಕಿಲ್ಲ ಅಜ್ಜಿ. ಮಾರ್ಚಲ್ಲಿ ಪರೀಕ್ಷೆ ಅದೆ. ನಾನು ಬಂದ್ಬುಟ್ರೆ ಅಪ್ಪನ ಕೈಗೆ ಎಣ್ಣೆ ತಿಕ್ಕೋರು ಯಾರು?"

ಅತ್ತೆ ನನ್ನ ಮುಖ ನೋಡಿದರು. ನಾನು ನನ್ನ ಕೈ ನೋಡಿಕೊಂಡೆ. ಸಂಜೆಯ ಬಸ್ಸಿಗೆ ಹೊರಟರು. ಹೊರಡುವಾಗ ಅತ್ತೆ, "ಈಗ ಓಯ್ತೀನಿ. ಮಗು ನೆರೆಯೋ ಕಾಲ ಬತ್ತದೆ. ಆಗ ಸೊಪ್ಪು ತಂದು ಗುಡ್ಲು ಆಕೋನು ಸೋದರಮಾವನೇ ತಾನೆ? ಆಗ ಏನು ಮಾಡೀರಿ?" ಎಂದರು. ಅವಳಿಗೆ ಇನ್ನೂ ಹನ್ನೆರಡು ಎಂದುಕೊಂಡೆ. ಅದು ಹೇಗೆ, ಯಾವಾಗ, ಅವಳಿಗೆ ಯಾರು ಏನು ಹೇಳಿಕೊಡಬೇಕು ಎಂಬುದೆಲ್ಲ ಹೆಂಗಸರ ವಿಷಯ ಎಂದು ನಾನು ಯೋಚಿಸುವುದಕ್ಕೇ ಹೋಗಲಿಲ್ಲ. ಮನೆಯಲ್ಲಿ ಹೆಂಗಸರಿಲ್ಲ ಎಂಬುದು ಆಗ ಹೊಳೆಯಬೇಕಾಗಿತ್ತು.

ಅವತ್ತು ಐದು ಗಂಟೆಗೆ ಹತ್ತು ನಿಮಿಷ ತಡವಾಗಿ ಕೆಲಸಕ್ಕೆ ಹೋದೆ. ಕಂಟ್ರಾಕ್ಟರು ಗಡಿಯಾರ ನೋಡಿದರು.

ನಿನ್ನ ಮಾತು ಉಳಿಸಿದ್ದೇನೆಂದು ತಿಳಿಸಲು ಇಷ್ಟು ಬರೆದೆ. ಚಳಿ ಶುರುವಾಗಿದೆ. ಕಂಬಳಿ ಸಾಲದಿದ್ದರೆ ಬರೆ. ದೇವರು ನಿನಗೆ ಆಯುಸ್ಸು ಕೊಡಲಿ.

ಆಶೀರ್ವಾದಗಳೊಂದಿಗೆ,
ರಾಮಲಿಂಗಯ್ಯ


ಕೊಳ್ಳೇಗಾಲ
31-1-1971

ಚಿ. ಸೌ. ಮಹಾಲಕ್ಷ್ಮಿಗೆ,

ನೀನು ಬರೆದ ಮೂರು ಕಾಗದಗಳಿಗೂ ನಾನು ಉತ್ತರ ಕೊಟ್ಟಿಲ್ಲ. ಮೂರನೆಯದರಲ್ಲಿ ಬರೀ ಒಂದು ಸಾಲು ಇತ್ತು: ಮಗು ಹೇಗಿದೆ. ತಪ್ಪಾಯಿತು. ಮಗು ಚೆನ್ನಾಗಿದೆ. ಮೊದಲು ಅದನ್ನು ಓದಿಕೋ. ಮೈಯಲ್ಲಿ ಏನೂ ಇಲ್ಲ, ಊಟ ಮಾಡುತ್ತಾಳೆ. ಆದರೆ ನನ್ನ ಹತ್ತಿರ ಇಲ್ಲ. ಹೋದ ಭಾನುವಾರದಿಂದ ಹನೂರಿನಲ್ಲಿದ್ದಾಳೆ.

ನಾನು ಕಳಿಸಲಿಲ್ಲ. ಅವಳೇ ಹೋಗುತ್ತೇನೆಂದಳು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಈ ತಿಂಗಳ ಎಂಟನೆಯ ತಾರೀಖು ಮಹದೇವಮ್ಮ ಬಾಣಂತಿ ಮಗಳನ್ನು ನೋಡಲೆಂದು ಯಳಂದೂರಿಗೆ ಹೋದಳು. ಬೆಳಿಗ್ಗೆ ಬಂದು ಹೇಳಿದಳು, "ಅಣ್ಣಾ, ನಾಳೆ ಸಂಜೀಗೆ ಬಂದ್ಬುಡ್ತೀನಿ. ಇವತ್ತೊಂದಿನ ಮಗೀನ ನೋಡ್ಕೊ." ನೋಡಿಕೊಳ್ಳುವುದೆಂದರೆ ಕೆಲಸಕ್ಕೆ ಹೋಗದೆ ಇರುವುದು. ಸಂಕ್ರಾಂತಿ ಹತ್ತಿರ ಬಂದಿತ್ತು. ಅಂಗಡಿಯಲ್ಲಿ ಜನ ಹೆಚ್ಚು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ. ದೀಪ ಹಚ್ಚಿಟ್ಟು, ಬಾಗಿಲು ಹಾಕಿಕೋ ಎಂದು ಹೇಳಿ ಹೊರಟೆ. ಆ ಕಾಲು ಗಂಟೆಯಲ್ಲಿ ಅವಳು ಎಂದಿನಷ್ಟು ಮಾತಾಡಲಿಲ್ಲ. ಹೊಟ್ಟೆ ನೋವು ಅಂದಳು. ಓಮ ಜಗಿ ಅಂದೆ.

ಆರೂವರೆ ಇರಬಹುದು. ಪೆಟ್ರೋಮ್ಯಾಕ್ಸ್ ಹಚ್ಚಿ ತೂಗು ಹಾಕಿದ್ದರು. ನನ್ನ ಎರಡು ಕೈಯಲ್ಲೂ ಗ್ಲಾಸುಗಳಿದ್ದವು. ಬಾಗಿಲಲ್ಲಿ ಚಿಕ್ಕತಾಯಿ ನಿಂತಿದ್ದಳು. ಹಿಂದಿನ ಬಾಗಿಲು ಅಡಿಗೆಯ ಕಡೆಗಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ಮುಂದಿನ ಬಾಗಿಲಿಗೇ ಬಂದಿದ್ದಳು. ಸ್ಕೂಲಿನ ಲಂಗವನ್ನೇ ಉಟ್ಟಿದ್ದಳು. ಓಡಿ ಬಂದದ್ದರಿಂದ ಏದುಸಿರು ಬಿಡುತ್ತಿದ್ದಳು. "ಅಪ್ಪಾ" ಎಂದು ಕೂಗಿದಳು. ಲಂಗ ನೋಡಿದವರಿಗೆ ಎಲ್ಲ ತಿಳಿಯುತ್ತಿತ್ತು.

ಅಂಗಡಿಯಲ್ಲಿ ಇಪ್ಪತ್ತೈದು ಮೂವತ್ತು ಗಂಡಸರು. ನೆರೆದ ಹುಡುಗಿಯನ್ನು ನೀರು ಹಾಕುವವರೆಗೆ ಗಂಡಸರು ನೋಡಬಾರದು. ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ಹುಡುಗಿಯೇ ಗಂಡಸರ ಮುಂದೆ ಬಂದು ನಿಂತರೆ ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಬಾಗಿಲ ಪಕ್ಕದ ಬೆಂಚಿನಿಂದ ದೊಡ್ಡಮಾದಯ್ಯ ಎದ್ದರು. ಅವರು ಗದರಿದ್ದನ್ನು ಅವತ್ತೇ ಕೇಳಿದ್ದು. "ಲೇ, ಎಲ್ಲಾರೂ ಗೋಡೆ ಕಡೀಕೆ ತಿರುಗ್ಕಳ್ರಲಾ! ನಮ್ಮ ಎಣ್ಣುಮಗ ಬಂದದೆ ಅಂದ್ಕಳಿ. ಒಬ್ಬನೂ ಈ ಕಡೆ ನೋಡ್ಕೂಡದು."

ತಿರುಗಿದರು. ಎದ್ದು ನಿಲ್ಲಲಾರದಷ್ಟು ಕುಡಿದಿದ್ದವರನ್ನು ಪಕ್ಕದವರು ಭುಜ ಹಿಡಿದು ತಿರುಗಿಸಿದರು. ಗಲ್ಲಾದ ಮೇಲಿದ್ದ ಕಂಟ್ರಾಕ್ಟರೂ ತಿರುಗಿದರು. ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಒಳಗೆ ಬಾಣಲೆಯ ಸದ್ದು ಮಾತ್ರ. ಕುಡುಕರು ಎಂದು ನಾವು ಅನ್ನುವ ಜನ ಇವರು, ಮಹಾಲಕ್ಷ್ಮಿ. ಅವರಲ್ಲಿ ಯಾರೂ ಆಮೇಲೆ ಈ ವಿಷಯ ಎತ್ತಿಲ್ಲ. ನನ್ನನ್ನು ರೇಗಿಸುವುದನ್ನೂ ಬಿಟ್ಟಿದ್ದಾರೆ. ಅದು ನನಗೆ ಕಷ್ಟವಾಗಿದೆ.

ಸದ್ದಡಗಿದ್ದು ಕೇಳಿ ಕೆಂಪಾಜಮ್ಮ ಒಳಗಿನಿಂದ ಬಂದಳು. ಮುಂದಕ್ಕೆ ಬರಕೂಡದೆಂಬ ಮಾತನ್ನು ಆ ಹೊತ್ತು ಯಾರು ನೆನೆಯುತ್ತಾರೆ? "ಅಯ್ಯೋ ನನ್ನವ್ವ" ಎಂದು ತನ್ನ ಸೆರಗನ್ನೇ ಹುಡುಗಿಗೆ ಸುತ್ತಿ ಕರೆದುಕೊಂಡು ಹೋದಳು. ಅವತ್ತು ಅವಳ ಮನೆಯಲ್ಲೇ ಇಟ್ಟುಕೊಂಡಳು. ಹೇಳಬೇಕಾದ್ದನ್ನೆಲ್ಲ ಹೇಳಿದಳಂತೆ. ಒಲೆಯ ಮೇಲಿನ ಮೀನು ಸೀದುಹೋಯಿತು. ನಾನು ಒಂಬತ್ತರವರೆಗೂ ಕೆಲಸ ಮಾಡಿದೆ. ಯಾಕೆ ಮಾಡಿದೆನೋ ಗೊತ್ತಿಲ್ಲ. ಗ್ಲಾಸುಗಳಿದ್ದವು, ತೊಳೆದೆ.

ಮಾರನೆಯ ದಿನ ಹನೂರಿಗೆ ಹೇಳಿ ಕಳಿಸಿದೆ. ಹೇಳಿ ಕಳಿಸದೆ ಇರಬಹುದಿತ್ತೇ ಎಂದು ನೀನು ಕೇಳಬಹುದು. ಸಂಜೆ ಯಳಂದೂರಿನಿಂದ ಬಂದ ಮಹದೇವಮ್ಮ ಕೇಳಿದಳು, "ಸೋದರಮಾವ ಬರ್ದೆ ಗುಡ್ಲು ಯಾರು ಆಕಾರು? ಮಗೀಗೆ ಶಾಸ್ತ್ರ ಆಗದು ಬ್ಯಾಡ್ವಾ?" ಮೂರನೆಯ ದಿನ ಮುದ್ದಯ್ಯ ಬಸ್ಸಿನ ಮೇಲೆ ಎರಡು ಹೊರೆ ಹಸಿ ಸೊಪ್ಪು ಹಾಕಿಕೊಂಡು ಬಂದ. ಹಿತ್ತಿಲಲ್ಲಿ ತಲೆ ಬಗ್ಗಿಸಿಕೊಂಡು ಗುಡ್ಲು ಕಟ್ಟಿ, ಒಂದು ಲೋಟ ನೀರು ಕುಡಿದು ಜಗಲಿಯಲ್ಲಿ ಕೂತ. "ಭಾವ, ನನ್ನ ಮೇಲೆ ಕ್ವಾಪ ಮಾಡ್ಕಬ್ಯಾಡಿ. ನಾನು ಓದ್ಸಿ ಅಂತಲೇ ಅವ್ವಂಗೆ ಯೋಳ್ತೀನಿ" ಎಂದ. ಹೇಳುತ್ತಾನೆ. ಅತ್ತೆ ಕೇಳುವುದಿಲ್ಲ. ಅದು ಅವನಿಗೂ ಗೊತ್ತು.

ಅವಳು ಹಿತ್ತಿಲ ಸೊಪ್ಪಿನ ಗುಡಿಸಲಿನಲ್ಲಿದ್ದಷ್ಟು ದಿನ ನಾನು ಮುಂಬಾಗಿಲಿನಿಂದಲೇ ಓಡಾಡಿದೆ. ಅತ್ತೆ ಬಂದಿದ್ದರು. ಅಡಿಗೆ ಅವರದ್ದು. ಬೆಳಿಗ್ಗೆ ಹಿಂದಿನಿಂದ ಅವಳು ಪಾಠ ಓದಿಕೊಳ್ಳುವುದು ಕೇಳಿಸಬಹುದೆಂದು ಮಗ್ಗ ನಿಲ್ಲಿಸಿ ಕೂರುತ್ತಿದ್ದೆ. ಕೇಳಿಸಲಿಲ್ಲ.

ನೀರು ಹಾಕಿ ಒಳಗೆ ಕರೆದುಕೊಂಡ ದಿನ ಕೇರಿಯ ಹೆಂಗಸರು ಬಂದು ಆರತಿ ಮಾಡಿದರು. ಕೆಂಪಾಜಮ್ಮನೂ ಬಂದಿದ್ದಳು. ಸಾರಾಯಿ ಅಂಗಡಿಯವಳೆಂದು ಅತ್ತೆ ಅವಳನ್ನು ಬಾಗಿಲ ಹೊರಗೇ ಕೂರಿಸಿದರು. ಚಿಕ್ಕತಾಯಿ ಎದ್ದು ಹೋಗಿ, ತನ್ನ ಮಡಿಲಿನ ತೆಂಗಿನಕಾಯಿ ತೆಗೆದು ಅವಳ ಕೈಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಬಂದಳು. ಆಮೇಲೆ ನನಗೂ ನಮಸ್ಕಾರ ಮಾಡಿದಳು. ಹಸಿರು ಸೀರೆಯಲ್ಲಿದ್ದಳು. ನಿನ್ನ ಸೀರೆ ಅದು. ನಾಲ್ಕು ಕಡೆ ಮಡಿಸಿ ಉಡಿಸಿದ್ದರು.

ಅತ್ತೆ ಎಲೆ ಅಡಿಕೆ ಹಾಕಿಕೊಂಡು, "ಇನ್ನೇನವ್ವ, ಓಗುಮಾ?" ಎಂದರು. ಮಾತು ಶುರು ಮಾಡಲಿಕ್ಕೆ ಹಾಗೆ ಕೇಳಿದ್ದು. ಅವಳು ಹೋದ ಸಲದ ಹಾಗೆ ವಾದಿಸುತ್ತಾಳೆಂದು ಸಿದ್ಧವಾಗಿಯೇ ಕೂತಿದ್ದರು.

"ಓಯ್ತೀನಿ ಅಜ್ಜಿ" ಎಂದಳು.

ಅತ್ತೆಗೇ ಗಾಬರಿಯಾಯಿತು. ಎಲೆ ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ಪರೀಕ್ಷೆ?" ಎಂದೆ.

"ಹನೂರಲ್ಲೂ ಸ್ಕೂಲು ಅದೆಯಂತೆ. ಮಾವ ಯೋಳ್ತು."

"ಸಂಜೆ ಕೆಲಸ ಬಿಟ್ಟುಬಿಡ್ತೀನಿ. ಇವತ್ತೇ ಬಿಡ್ತೀನಿ."

"ಬ್ಯಾಡ ಅಪ್ಪ" ಎಂದಳು. ಕೋಪವಿರಲಿಲ್ಲ. ಯಾರಿಗೋ ದಾರಿ ಹೇಳುವಾಗ ಇರುವಂಥ ಧ್ವನಿ. "ಬುಟ್ರೆ ಮಗ್ಗ ನಡೆಯಕಿಲ್ಲ. ಅವ್ವಂಗೆ ಕಾಸು ಕಳಿಸ್ಬೇಕಲ್ಲ?"

ಸ್ಕೂಲಿಗೆ ಹೋಗಿ ಟಿ.ಸಿ. ತಂದೆ. ಹೆಡ್ಮಾಸ್ಟರು, "ಎರಡು ತಿಂಗಳು ತಡೀಬಹುದಿತ್ತಲ್ಲ ರಾಮಲಿಂಗಯ್ಯ, ಫಸ್ಟ್ ಕ್ಲಾಸು ಬರೋ ಹುಡುಗಿ" ಎಂದರು. ಹೌದು ಸಾರ್ ಎಂದೆ. ಮುದ್ದಯ್ಯ ಆ ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅದು ಯಾವ ಸ್ಕೂಲಿಗಾದರೂ ತಲುಪಿತೋ ಇಲ್ಲವೋ ಇನ್ನೂ ತಿಳಿದಿಲ್ಲ. ಕೇಳಿ ಬರೆಯಬೇಕು. ನೀನೂ ನಿಮ್ಮವ್ವನಿಗೆ ಬರೆ. ನೀನು ಬರೆದರೆ ಕೇಳಬಹುದು.

ಹೊರಡುವ ಹಿಂದಿನ ದಿನ ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ರಾಟೆಯ ಮುಂದೆ ಕೂತು ಮನೆಯಲ್ಲಿದ್ದ ನೂಲನ್ನೆಲ್ಲ ಕಂಡಿಕೆಗೆ ಸುತ್ತಿಟ್ಟಳು. ಎರಡು ಬುಟ್ಟಿ ತುಂಬಿತು. ಐದು ಗಂಟೆಯಾದಾಗ, "ಒತ್ತಾಯ್ತು, ಓಗು" ಎಂದು ಅವಳೇ ಹೇಳಿದಳು. ಅವತ್ತಿನ ಕಾಲು ಗಂಟೆಯಲ್ಲೂ ಅವಳು ಕಂಡಿಕೆಯನ್ನೇ ಸುತ್ತುತ್ತಿದ್ದಳು. ಮಾರನೆಯ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಳು. ಕೈ ಆಡಿಸಿದಳು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕೆಂದು ಬಸ್ಸು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದೆ.

ಒಂದು ಬುಟ್ಟಿ ಮುಗಿದಿದೆ. ಕೆಲಸಕ್ಕೆ ಹೋಗುತ್ತಿದ್ದೇನೆ.

ನಿನಗೆ ಕೊಟ್ಟ ಮಾತು ನನ್ನಿಂದ ಉಳಿಯಲಿಲ್ಲ. ನೀನು ಬೇಗ ಗುಣವಾಗಿ ಬಾ. ಬಂದು ನೀನೇ ಹನೂರಿಗೆ ಹೋಗಿ ಕರೆದರೆ ಬರುತ್ತಾಳೆ ಎಂದು ನನ್ನ ನಂಬಿಕೆ. ನಾನು ಕರೆದರೆ ಬರುವುದಿಲ್ಲ. ಚೌಡೇಶ್ವರಿ ನಿನಗೆ ಪೂರ್ಣ ಆಯುಸ್ಸು ಕೊಡಲಿ. ಮಗುವಿಗೂ ಕೊಡಲಿ.

ಆಶೀರ್ವಾದಗಳೊಂದಿಗೆ,
ರಾಮಲಿಂಗಯ್ಯ

ವಿ.ಸೂ. ಕಾಗದ ಮಡಿಸಿ ಅಂಟು ಹಾಕಿದ್ದೆ. ಮತ್ತೆ ಬಿಚ್ಚಿದೆ. ಆಸ್ಪತ್ರೆಯಲ್ಲಿರುವವಳಿಗೆ ಇದನ್ನು ಬರೆಯಬಾರದು. ಆದರೆ ಅವಳು ಏಕೆ ಹೋದಳೆಂದು ನೀನು ಕೇಳಿಯೇ ಕೇಳುತ್ತೀಯ. ನಿನಗಲ್ಲದೆ ಬೇರೆ ಯಾರಿಗೂ ಹೇಳುವಂಥದ್ದಲ್ಲ.

ಅವಳು ಬಾಗಿಲಲ್ಲಿ ನಿಂತು ಅಪ್ಪಾ ಎಂದಷ್ಟೇ ಕೂಗಲಿಲ್ಲ. "ಅಪ್ಪಾ, ನಂಗೂ ರಕ್ತ ಬತ್ತಾ ಅದೆ, ಅವ್ವಂಗೆ ಬಂದಂಗೆ" ಎಂದಳು. ರಕ್ತ ಎಂದರೆ ಅವಳು ಈ ಮನೆಯಲ್ಲಿ ಕಂಡಿದ್ದು ನಿನ್ನ ಕೆಮ್ಮಿನದು ಒಂದೇ. ಬೇರೆಯದು ಉಂಟೆಂದು ಅವಳಿಗೆ ಹೇಳಿದವರಿಲ್ಲ. ನಿನ್ನ ಕಾಯಿಲೆ ತನಗೂ ಬಂತೆಂದು ತಿಳಿದು ಓಡಿ ಬಂದಿದ್ದಳು.

ಎಲ್ಲರೂ ಗೋಡೆಗೆ ತಿರುಗಿದರು ಎಂದು ಬರೆದೆ. ನಾನೂ ತಿರುಗಿದೆ. ದೊಡ್ಡಮಾದಯ್ಯ ಹೇಳಿದ್ದು ನನಗಲ್ಲ. ಆದರೂ ತಿರುಗಿದೆ. ಶಾಸ್ತ್ರ ಗೊತ್ತಿದ್ದವನ ಕಾಲು ತಾನಾಗಿ ತಿರುಗಿತು. ನನ್ನ ಬೆನ್ನಿಗೆ ಅವಳು ಕೇಳಿದಳು, "ಅಪ್ಪಾ, ನನ್ನೂ ಮೈಸೂರಿಗೆ ಕಳಿಸ್ಬುಡ್ತೀಯಾ?" ಎರಡು ಸಲ ಕೇಳಿದಳು. ನಾನು ಮಾತಾಡಲಿಲ್ಲ.

ನಿನಗೆ ಕೆಮ್ಮು ಬಂದಾಗ ಮುಖ ಆಚೆ ತಿರುಗಿಸಿಕೋ ಎಂದು ಅವಳಿಗೆ ಕಲಿಸಿದ್ದವನು ನಾನು. ನಾವಿಬ್ಬರೂ ಹಾಗೆ ತಿರುಗುತ್ತಿದ್ದುದು ನಿನಗೆ ಗೊತ್ತು.

ಕೆಂಪಾಜಮ್ಮ ಆಮೇಲೆ ಹೇಳಿದಳು. ತಾನು ಬಂದು ಸೆರಗು ಸುತ್ತುವವರೆಗೂ ನಮ್ಮೆಲ್ಲರ ಬೆನ್ನ ಹಿಂದೆ ಮಗು ಒಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಿಂತಿದ್ದಳಂತೆ. ನಮಗೆ ಅಂಟದಿರಲಿ ಎಂದು.